ಸಾಲ ತೀರಿತು, ಸಿಬಿಲ್ ಯಾಕೆ ಏಳಲಿಲ್ಲ?

(ಕಾಸರಗೋಡಿನ ಬದಿಯಡ್ಕದ ಹತ್ತಿರ ಒಂದು ವಾಚನಾಲಯದಲ್ಲಿ ಭಾನುವಾರ ಮಧ್ಯಾಹ್ನ ಆಡಿದ ಮಾತುಗಳ ಬರಹ ರೂಪ ಇದು. ಕೊನೆಯಲ್ಲಿ ಸಭೆಯವರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದಾಗಲೂ, ನಿವೃತ್ತಿಯಾದ ಮೇಲೂ, ಜನ ನನ್ನ ಹತ್ತಿರ ಜಾಸ್ತಿ ಹೇಳಿಕೊಂಡ ದೂರು ಒಂದೇ. "ಬಾಕಿ ಪೂರ್ತಿ ಕಟ್ಟಿ ಆಯ್ತು. ಆದರೂ ಸಿಬಿಲ್ ಸರಿ ಇಲ್ಲ ಅಂತ ಸಾಲ ಕೊಡುತ್ತಿಲ್ಲ. ಹಾಗಾದರೆ ಕಟ್ಟಿದ್ದು ಯಾಕೆ?" ಕೇಳುವುದರಲ್ಲಿ ನ್ಯಾಯ ಇದೆ. ಮನೆಯವರ ಬಳೆ ಮಾರಿ, ಎರಡು ವರ್ಷದ ಅಡಿಕೆ ದುಡ್ಡು ಸುರಿದು, ತಮ್ಮನ ಹತ್ತಿರ ಕೈಗಡ ಮಾಡಿ ಕಟ್ಟಿದವರು ಇವರು. ಅವರಿಗೆ ಸರಿಯಾದ ಉತ್ತರ ಸಿಗಬೇಕು.

ನನ್ನ ಮುಖ್ಯ ಮಾತು ಇಷ್ಟು. ಸಾಲ ತೀರಿಸುವುದು ಒಂದು ಕೆಲಸ. ತೀರಿದೆ ಅಂತ ದಾಖಲೆಯಲ್ಲಿ ಬರುವಂತೆ ಮಾಡುವುದು ಇನ್ನೊಂದು ಕೆಲಸ. ಮೊದಲನೆಯದನ್ನು ನಮ್ಮವರು ಹೊಟ್ಟೆ ಬಟ್ಟೆ ಕಟ್ಟಿ ಮಾಡುತ್ತಾರೆ. ಎರಡನೆಯದು ಒಂದಿದೆ ಅಂತಲೇ ಎಷ್ಟೋ ಮಂದಿಗೆ ಗೊತ್ತಿಲ್ಲ.

ಮೊದಲು ಸಿಬಿಲ್ ಏನು ಅಂತ ಬೇಗ ಹೇಳಿ ಮುಗಿಸುತ್ತೇನೆ. ನಾವೆಲ್ಲ ಸಿಬಿಲ್ ಅಂತ ಒಂದೇ ಹೆಸರು ಹೇಳಿದರೂ ಸಾಲದ ಲೆಕ್ಕ ಇಡುವ ಕಂಪನಿಗಳು ದೇಶದಲ್ಲಿ ನಾಲ್ಕಿವೆ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈ ಮಾರ್ಕ್. 2005ರಲ್ಲಿ ಆದ ಕಾಯ್ದೆಯ ಕೆಳಗೆ, ಆರ್‌ಬಿಐ ಉಸ್ತುವಾರಿಯಲ್ಲಿ ಇವು ನಡೆಯುತ್ತವೆ. ಬ್ಯಾಂಕು, ಫೈನಾನ್ಸ್ ಕಂಪನಿ, ಕ್ರೆಡಿಟ್ ಕಾರ್ಡ್ ಕೊಟ್ಟವರು ಕಳುಹಿಸಿದ ಲೆಕ್ಕವನ್ನು ಇವು ಜೋಡಿಸಿ 300ರಿಂದ 900ರ ಒಳಗೆ ಒಂದು ಅಂಕ ಹಾಕುತ್ತವೆ. 750 ದಾಟಿದ್ದರೆ ಹೆಚ್ಚಿನ ಬ್ಯಾಂಕುಗಳು ಎರಡನೇ ಮಾತು ಆಡುವುದಿಲ್ಲ. ಇಷ್ಟೇ ಅಂಕ ಇರಬೇಕು ಅಂತ ಆರ್‌ಬಿಐ ಎಲ್ಲೂ ನಿಗದಿ ಮಾಡಿಲ್ಲ, ಅದು ಆಯಾ ಬ್ಯಾಂಕಿನ ತೀರ್ಮಾನ. ಆದ್ದರಿಂದ ಒಂದು ಕಡೆ ಆಗುವುದಿಲ್ಲ ಅಂದರು ಅಂತ ಎಲ್ಲಾ ಕಡೆ ಬಾಗಿಲು ಹಾಕಿತು ಅಂದುಕೊಳ್ಳಬೇಡಿ.

ಇನ್ನು ಅಂಕಕ್ಕಿಂತ ಮುಖ್ಯವಾದದ್ದು ವರದಿ. ಅಂಕ ಒಂದೇ ಒಂದು ಸಂಖ್ಯೆ. ಯಾಕೆ ಬಿತ್ತು ಅಂತ ಅದು ಹೇಳುವುದಿಲ್ಲ, ವರದಿ ಹೇಳುತ್ತದೆ. ಈ ನಾಲ್ಕು ಕಂಪನಿಗಳೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು, ಅದು ಆರ್‌ಬಿಐ ನಿಯಮ. ಅವರದ್ದೇ ವೆಬ್‌ಸೈಟಿನಲ್ಲಿ ಪಾನ್ ನಂಬರ್ ಹಾಕಿ, ಫೋನಿಗೆ ಬಂದ ಒಟಿಪಿ ಕೊಟ್ಟರೆ ಸಿಗುತ್ತದೆ. ಫೋನಿನಲ್ಲಿ ಆಗದವರು ಆನ್‌ಲೈನ್ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ ತೆಗೆಸಿ, ಆದರೆ ಎದುರಿಗೇ ಕೂತು ತೆಗೆಸಿ. ನಿಮ್ಮದನ್ನು ನೀವೇ ಎಷ್ಟು ಸಲ ನೋಡಿದರೂ ಅಂಕ ಇಳಿಯುವುದಿಲ್ಲ. ಇಳಿಯುತ್ತದೆ ಅಂತ ಯಾರೋ ಹೆದರಿಸಿ ಬಿಟ್ಟಿದ್ದಾರೆ, ಅದಕ್ಕೇ ಎಷ್ಟೋ ಜನ ನೋಡುವುದೇ ಇಲ್ಲ.

ವರದಿಯಲ್ಲಿ ಪ್ರತಿ ಸಾಲಕ್ಕೂ ಒಂದೊಂದು ಪಟ್ಟಿ ಇರುತ್ತದೆ. ಅದರ ಕೆಳಗೆ ತಿಂಗಳಿಗೊಂದರಂತೆ ಸಣ್ಣ ಸಣ್ಣ ಚೌಕಗಳು, ಸಾಮಾನ್ಯವಾಗಿ ಮೂರು ವರ್ಷದ್ದು, ಅಂದರೆ 36 ಚೌಕ. ಚೌಕದಲ್ಲಿ 000 ಅಂತ ಇದ್ದರೆ ಆ ತಿಂಗಳು ಬಾಕಿ ಇರಲಿಲ್ಲ. 030 ಅಂತ ಇದ್ದರೆ ಕಂತು 30 ದಿನ ತಡವಾಗಿತ್ತು. 060, 090 ಅಂತ ಏರುತ್ತಾ ಹೋದರೆ ಪರಿಸ್ಥಿತಿ ಕೆಡುತ್ತಾ ಹೋಗಿದೆ ಅಂತ ಲೆಕ್ಕ. ಎಕ್ಸ್ ಎಕ್ಸ್ ಎಕ್ಸ್ ಅಂತ ಇದ್ದರೆ ಆ ತಿಂಗಳ ಲೆಕ್ಕವನ್ನು ಬ್ಯಾಂಕು ಕಳುಹಿಸಿಲ್ಲ. ಇದನ್ನು ಓದಲು ಯಾವ ಲೆಕ್ಕಿಗರೂ ಬೇಡ. ಪೆನ್ಸಿಲ್ ಹಿಡಿದು ಕೂತು 000 ಅಲ್ಲದ ಚೌಕಕ್ಕೆಲ್ಲ ಸುತ್ತು ಹಾಕಿ. ನಿಮ್ಮ ಅಂಕ ಬಿದ್ದ ಜಾಗ ಅದೇ.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಬಾಕಿ ಕಟ್ಟಿದ ಕೂಡಲೇ ಆ ಹಳೆಯ ಚೌಕಗಳು ಅಳಿಸಿ ಹೋಗುವುದಿಲ್ಲ. ಆವತ್ತು 90 ದಿನ ತಡವಾಗಿದ್ದು ನಿಜ, ಆದ್ದರಿಂದ ಅದು ಅಲ್ಲೇ ಇರುತ್ತದೆ. ಕೊಳೆರೋಗ ಬಂದು ಉದುರಿದ ಅಡಿಕೆ, ಮದ್ದು ಬಿಟ್ಟ ಮಾತ್ರಕ್ಕೆ ಮತ್ತೆ ಗೊನೆಗೆ ಹೋಗಿ ಕೂರುವುದಿಲ್ಲ ಅಲ್ವಾ? ಮುಂದಿನ ಗೊನೆ ಉಳಿಯುತ್ತದೆ. ಇಲ್ಲಿಯೂ ಹಾಗೆಯೇ, ಮುಂದಿನ ಚೌಕಗಳನ್ನು ಚೊಕ್ಕವಾಗಿ ಇಡುವುದು ಮಾತ್ರ ನಮ್ಮ ಕೈಯಲ್ಲಿದೆ.

ಇದರಲ್ಲಿ ಬಹಳ ಮಂದಿ ಗಮನಿಸದ ಇನ್ನೊಂದು ಸಂಗತಿ ಇದೆ. ಸಾಲ ತೀರಿ ಖಾತೆ ಮುಚ್ಚಿದ ಮೇಲೆ ಆ ಪಟ್ಟಿಯಲ್ಲಿ ಹೊಸ ಚೌಕ ಬರುವುದಿಲ್ಲ. ಅದು ಅಲ್ಲಿಗೇ ನಿಲ್ಲುತ್ತದೆ. "ಸಾಲ ತೀರಿಸಿದೆ, ಇನ್ನು ಸಾಲದ ಸಹವಾಸವೇ ಬೇಡ" ಅಂತ ಕೂತವರ ವರದಿಯಲ್ಲಿ ಕೊನೆಯದಾಗಿ ಕಾಣುವುದು ಆ ಕೆಟ್ಟ ತಿಂಗಳುಗಳೇ. ಅವರ ಬಗ್ಗೆ ಹೇಳಲು ಹೊಸದಾಗಿ ಒಳ್ಳೆಯದು ಏನೂ ಸೇರುತ್ತಿಲ್ಲ. ಅಂಕ ಏಳಬೇಕಾದರೆ ಚಾಲ್ತಿಯಲ್ಲಿರುವ ಒಂದು ಖಾತೆ ಬೇಕು, ಅದು ಎಷ್ಟು ಸಣ್ಣದಾದರೂ ಆದೀತು. ಅದು ಹೇಗೆ ಅಂತ ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು ಹಳೆಯದನ್ನು ಸರಿಯಾಗಿ ಮುಚ್ಚಬೇಕು.

ಖಾತೆ ಮುಚ್ಚುವುದರಲ್ಲಿ ಎರಡು ತರ ಇದೆ. ಒಂದು ಕ್ಲೋಸ್ಡ್, ಅಂದರೆ ಪೂರ್ತಿ ಕಟ್ಟಿ ಮುಗಿಸಿದ್ದು. ಇನ್ನೊಂದು ಸೆಟ್ಲ್ಡ್, ಅಂದರೆ ರಾಜಿಯಲ್ಲಿ ಕಡಿಮೆ ಕಟ್ಟಿ ಮುಗಿಸಿದ್ದು. ಒಂದು ಲೆಕ್ಕ ಹೇಳುತ್ತೇನೆ. ಅಸಲು, ಬಡ್ಡಿ ಸೇರಿ 1,80,000 ರೂಪಾಯಿ ಬಾಕಿ ಇದೆ ಅಂದುಕೊಳ್ಳಿ. ಫೋನ್ ಬರುತ್ತದೆ: "1,10,000 ಒಂದೇ ಗಂಟು ಕಟ್ಟಿಬಿಡಿ, ಮುಗಿಸಿಬಿಡೋಣ." ನೀವು ಖುಷಿಯಿಂದ ಕಟ್ಟುತ್ತೀರಿ. ಉಳಿದ 70,000 ರೂಪಾಯಿಯನ್ನು ಬ್ಯಾಂಕು ತನ್ನ ನಷ್ಟದಲ್ಲಿ ಬರೆದುಕೊಳ್ಳುತ್ತದೆ. ವರದಿಯಲ್ಲಿ ಆ ಸಾಲದ ಎದುರು ಸೆಟ್ಲ್ಡ್ ಅಂತ ಬರುತ್ತದೆ. ಮುಂದೆ ಯಾವ ಬ್ಯಾಂಕಿಗೆ ಹೋದರೂ ಅವರು ಓದುವುದು "ಈ ವ್ಯಕ್ತಿ ಪೂರ್ತಿ ಕಟ್ಟಿಲ್ಲ" ಅಂತ. ಹೀಗೆ ರಾಜಿ ಮಾಡಿಕೊಂಡವರಿಗೆ ಕೃಷಿ ಸಾಲ ಬಿಟ್ಟು ಬೇರೆ ಸಾಲವನ್ನು ಕನಿಷ್ಠ 12 ತಿಂಗಳು ಕೊಡಬಾರದು ಅಂತ 2023ರ ಜೂನಿನಲ್ಲಿ ಆರ್‌ಬಿಐ ಬ್ಯಾಂಕುಗಳಿಗೆ ನಿಯಮ ಮಾಡಿದೆ.

ಹಾಗಂತ ಸೆಟ್ಲ್‌ಮೆಂಟ್ ಮಾಡಲೇಬಾರದು ಅಂತ ನಾನು ಹೇಳುವುದಿಲ್ಲ. ಪೂರ್ತಿ ಕಟ್ಟಬೇಕಾದರೆ ಮನೆ ಅಡಿಯ ಜಾಗ ಮಾರಬೇಕು, ಮಕ್ಕಳ ಓದು ನಿಲ್ಲಿಸಬೇಕು ಎನ್ನುವ ಪರಿಸ್ಥಿತಿ ಇದ್ದರೆ ಸೆಟ್ಲ್‌ಮೆಂಟ್ ಮಾಡಿ, ಧೈರ್ಯವಾಗಿ ಮಾಡಿ. ಬಾಕಿ ಹಾಗೇ ಬೆಳೆಯಲು ಬಿಡುವುದಕ್ಕಿಂತ ಅದು ಮೇಲು. ಆದರೆ ಗೊತ್ತಿದ್ದು ಮಾಡಿ. ಬ್ಯಾಂಕಿನ ಲೆಟರ್‌ಹೆಡ್ಡಿನಲ್ಲಿ ಪತ್ರ ತೆಗೆದುಕೊಂಡ ಮೇಲೆಯೇ ದುಡ್ಡು ಕಟ್ಟಿ. ದುಡ್ಡು ಸಾಲದ ಖಾತೆಗೇ ಹೋಗಬೇಕು, ವಸೂಲಿಗೆ ಬಂದವರ ಕೈಗೋ ಅವರ ಗೂಗಲ್ ಪೇಗೋ ಹೋಗಬಾರದು. ಮುಂದೆ ಕೈಯಲ್ಲಿ ದುಡ್ಡು ಆಡಿದಾಗ ಬಿಟ್ಟ ಹಣವನ್ನೂ ಕಟ್ಟಿ, ಸೆಟ್ಲ್ಡ್ ಅನ್ನು ಕ್ಲೋಸ್ಡ್ ಮಾಡಿಸಿಕೊಳ್ಳಬಹುದು. ಸಾಮಾನ್ಯವಾಗಿ ಬ್ಯಾಂಕುಗಳು ಇದಕ್ಕೆ ಒಪ್ಪುತ್ತವೆ. ಕಟ್ಟುವ ಮೊದಲು ಅದನ್ನೂ ಬರವಣಿಗೆಯಲ್ಲಿ ಕೇಳಿ.

ಅಂದ ಹಾಗೆ, ವಸೂಲಿಗೆ ಬರುವವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಬಾಕಿ ಇರುವುದು ದುಡ್ಡು. ಅದಕ್ಕಾಗಿ ಯಾರೂ ನಿಮ್ಮ ಮನೆ ಬಾಗಿಲಲ್ಲಿ ನಿಂತು ಮರ್ಯಾದೆ ತೆಗೆಯುವ ಹಕ್ಕು ಪಡೆದಿಲ್ಲ.

ಪೂರ್ತಿ ಕಟ್ಟಿದವರ ಕಥೆಯಲ್ಲೂ ತೊಡಕು ಬರುತ್ತದೆ. ಕುಂಬಳೆ ಕಡೆಯ ಒಬ್ಬ ಅಕ್ಕ ಹೊಲಿಗೆ ಮೆಷಿನ್‌ಗೆ ಒಂದು ಫೈನಾನ್ಸ್ ಕಂಪನಿಯಿಂದ ಸಾಲ ತೆಗೆದಿದ್ದರು. ನಡುವೆ ಮೂರು ಕಂತು ತಪ್ಪಿತ್ತು, ಆಮೇಲೆ ಎಲ್ಲಾ ಕಟ್ಟಿದರು. ಎರಡು ವರ್ಷ ಕಳೆದು ಅಂಗಡಿ ಇಡಲು ಸಾಲ ಕೇಳಿದರೆ ಆಗುವುದಿಲ್ಲ ಅಂದರು. ಅವರ ವರದಿಯನ್ನು ಮೇಜಿನ ಮೇಲೆ ಹರಡಿ ನೋಡಿದೆವು. ಆ ಸಾಲ ಇನ್ನೂ ಚಾಲ್ತಿಯಲ್ಲಿದೆ. ಬಾಕಿ 412 ರೂಪಾಯಿ. ಖಾತೆಯಲ್ಲಿ ದುಡ್ಡಿಲ್ಲದೆ ಕಂತು ವಾಪಸ್ ಹೋದಾಗ ಹಾಕಿದ ಚಾರ್ಜು ಅದು. ಕೊನೆಯ ಕಂತಿನ ದಿನ ಅದನ್ನು ಯಾರೂ ಕೇಳಿರಲಿಲ್ಲ. ಆ 412 ರೂಪಾಯಿಗಾಗಿ ತಿಂಗಳು ತಿಂಗಳೂ ಚೌಕದಲ್ಲಿ ತಡ ಅಂತ ಬೀಳುತ್ತಾ ಹೋಗಿತ್ತು. ದೊಡ್ಡ ಸಾಲವನ್ನು ಬೆವರು ಸುರಿಸಿ ತೀರಿಸಿದ ಹೆಂಗಸು, ಒಂದು ಸೀರೆಯ ಬೆಲೆಯಷ್ಟೂ ಇಲ್ಲದ ಬಾಕಿಗೆ ಸುಸ್ತಿದಾರಳಾಗಿ ಕೂತಿದ್ದರು. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಅದಕ್ಕಾಗಿ ಕೊನೆಯ ಕಂತು ಕಟ್ಟಿದ ದಿನ ಸುಮ್ನೆ ಮನೆಗೆ ಬರಬೇಡಿ. ಖಾತೆಯ ಸ್ಟೇಟ್‌ಮೆಂಟ್ ಕೇಳಿ, ಅದರ ತುದಿಯಲ್ಲಿ ಸೊನ್ನೆ ಇದೆಯಾ ನೋಡಿ. ಬಾಕಿ ಇಲ್ಲ ಎನ್ನುವ ಪತ್ರ, ಅಂದರೆ ಎನ್‌ಒಸಿ ತೆಗೆದುಕೊಳ್ಳಿ. ಜಾಗದ ಆಧಾರ, ಅಂದರೆ ಜಾಗದ ಮೂಲ ಪತ್ರ ಅಡವು ಇಟ್ಟಿದ್ದರೆ ಪೂರ್ತಿ ಕಟ್ಟಿದ 30 ದಿನದೊಳಗೆ ಅದನ್ನು ವಾಪಸ್ ಕೊಡಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು ಅಂತ 2023ರ ಡಿಸೆಂಬರಿನಿಂದ ನಿಯಮ ಇದೆ. ವಾಹನದ ಸಾಲವಾದರೆ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿ. ಈಗ ಬ್ಯಾಂಕುಗಳು ಕನಿಷ್ಠ 15 ದಿನಕ್ಕೊಮ್ಮೆ ಲೆಕ್ಕ ಕಳುಹಿಸಬೇಕು, 2025ರ ಜನವರಿಯಿಂದ ಹಾಗಾಗಿದೆ. ಆದ್ದರಿಂದ ಒಂದೂವರೆ ಎರಡು ತಿಂಗಳು ಬಿಟ್ಟು ವರದಿ ತೆಗೆದು ಕ್ಲೋಸ್ಡ್ ಅಂತ ಬಂದಿದೆಯಾ ನೋಡಿ.

ಬಂದಿಲ್ಲದಿದ್ದರೆ? ವರದಿ ಕೊಟ್ಟ ಕಂಪನಿಯ ವೆಬ್‌ಸೈಟಿನಲ್ಲೇ ತಕರಾರು ಹಾಕಬಹುದು, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಸಿಬಿಲ್‌ನವರು ತಾವಾಗಿ ತಿದ್ದುವುದಿಲ್ಲ, ಬ್ಯಾಂಕನ್ನು ಕೇಳಿ ತಿದ್ದುತ್ತಾರೆ. ಆದ್ದರಿಂದ ಬ್ಯಾಂಕಿಗೂ ಎನ್‌ಒಸಿ ಪ್ರತಿ ಸೇರಿಸಿ ಅರ್ಜಿ ಕೊಡಿ, ಸೀಲ್ ಹಾಕಿದ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. 30 ದಿನದೊಳಗೆ ಇದು ಇತ್ಯರ್ಥ ಆಗಬೇಕು. ಆಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು, 2024ರ ಏಪ್ರಿಲಿನಿಂದ ಜಾರಿಯಲ್ಲಿರುವ ನಿಯಮ ಇದು. ಅದಕ್ಕೂ ಬಗ್ಗದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ, ಅಂದರೆ ಇಂಥ ದೂರು ಕೇಳುವ ಅಧಿಕಾರಿಗೆ, ದೂರು ಕೊಡಬಹುದು. 14448 ನಂಬರಿಗೆ ಫೋನ್ ಮಾಡಿದರೆ ಕನ್ನಡದಲ್ಲೂ ಮಾಹಿತಿ ಸಿಗುತ್ತದೆ.

ಕನ್ನಡದ ಮಾತು ಬಂತು, ಒಂದು ವಿಷಯ ಹೇಳಲೇಬೇಕು. ನಮ್ಮ ಕಡೆ ಬ್ಯಾಂಕಿನ ನೋಟೀಸು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ಕನ್ನಡ ಶಾಲೆಯಲ್ಲಿ ಓದಿದ ಹಿರಿಯರು ಅದನ್ನು ಓದಲಾರದೆ, ಮಗ ಬಂದಾಗ ತೋರಿಸೋಣ ಅಂತ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ ಇಡುತ್ತಾರೆ. ಮಗ ದುಬೈಯಲ್ಲಿ. ಅವನು ಬರುವಾಗ ಆರು ತಿಂಗಳು. ಬಾಕಿ 90 ದಿನ ದಾಟಿದರೆ ಸಾಮಾನ್ಯ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ. ಆಮೇಲೆ ಒಂದೆರಡು ಕಂತು ಕಟ್ಟಿದರೆ ಸಾಲದು, ಹಿಂದಿನ ಬಾಕಿ ಪೂರ್ತಿ ಕಟ್ಟಿದರೆ ಮಾತ್ರ ಖಾತೆ ಮತ್ತೆ ಸರಿಯಾಗುತ್ತದೆ. ದಯವಿಟ್ಟು ಕವರ್ ಬಂದ ದಿನವೇ ಪಕ್ಕದ ಮನೆಯ ಹುಡುಗಿಗೋ, ಈ ವಾಚನಾಲಯದವರಿಗೋ ತೋರಿಸಿ. ಸಾಲ ಇದೆ ಅಂತ ನಾಲ್ಕು ಜನರಿಗೆ ಗೊತ್ತಾಗುತ್ತದೆ ಎನ್ನುವ ನಾಚಿಕೆ ಬೇಡ. ಸಾಲ ಇಲ್ಲದ ತೋಟ ಈ ಊರಲ್ಲಿ ಎಷ್ಟಿದೆ ಹೇಳಿ?

ಗಲ್ಫಿನಿಂದ ವಾಪಸ್ ಬಂದವರಿಗೆ ಇನ್ನೊಂದು ತೊಂದರೆ. ಹೋಗುವಾಗ ಇದ್ದ ಸಿಮ್ ನಿಂತು ಹೋಗಿರುತ್ತದೆ. ಬಾಕಿಯ ಮೆಸೇಜು, ಸಿಬಿಲ್ ವರದಿಯ ಒಟಿಪಿ ಎಲ್ಲವೂ ಆ ಹಳೆಯ ನಂಬರಿಗೇ ಹೋಗುತ್ತದೆ. ಊರಿಗೆ ಬಂದ ಮೊದಲ ವಾರ ಬ್ಯಾಂಕಿಗೆ ಹೋಗಿ ನಂಬರ್ ಬದಲಿಸಿ. ಹೆಸರಿನದ್ದೂ ಹಾಗೆಯೇ. ಪಾನ್ ಕಾರ್ಡಿನಲ್ಲಿ ಒಂದು ತರ, ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ ಸೇರಿ ಇನ್ನೊಂದು ತರ ಇದ್ದರೆ ಬೇರೆಯವರ ಸಾಲ ನಿಮ್ಮ ವರದಿಗೆ ಬಂದು ಸೇರುವುದುಂಟು.

ಈಗ ಅಂಕ ಏರಿಸುವ ವಿಷಯ. ಚಾಲ್ತಿಯಲ್ಲಿರುವ ಒಂದು ಖಾತೆ ಬೇಕು ಅಂದೆನಲ್ಲ, ಎಲ್ಲೂ ಸಾಲ ಕೊಡದಿದ್ದರೆ ಅದನ್ನು ಎಲ್ಲಿಂದ ತರುವುದು? ನನಗೆ ಸರಿ ಕಂಡ ದಾರಿ ಎಫ್‌ಡಿ ಮೇಲೆ ಕೊಡುವ ಕ್ರೆಡಿಟ್ ಕಾರ್ಡ್. ಇಪ್ಪತ್ತು ಸಾವಿರ ಎಫ್‌ಡಿ ಇಟ್ಟರೆ ಅದಕ್ಕಿಂತ ಸ್ವಲ್ಪ ಕಡಿಮೆ ಮಿತಿಯ ಕಾರ್ಡ್ ಕೊಡುತ್ತಾರೆ. ಎಫ್‌ಡಿಯೇ ಭದ್ರತೆ ಆದ್ದರಿಂದ ಹಳೆಯ ಸಿಬಿಲ್ ಅಷ್ಟಾಗಿ ಅಡ್ಡ ಬರುವುದಿಲ್ಲ, ಎಫ್‌ಡಿಯ ಬಡ್ಡಿಯೂ ಸಿಗುತ್ತದೆ. ಆ ಕಾರ್ಡಿನಲ್ಲಿ ಕರೆಂಟ್ ಬಿಲ್ಲು, ಗ್ಯಾಸು ಇಷ್ಟೇ ಕಟ್ಟಿ. ಮಿತಿಯ ಮೂರನೇ ಒಂದು ಭಾಗ ದಾಟಬೇಡಿ. ಬಿಲ್ಲು ಬಂದಾಗ ಪೂರ್ತಿ ಕಟ್ಟಿ. ಮಿನಿಮಮ್ ಡ್ಯೂ ಅಂತ ಒಂದು ಸಣ್ಣ ಸಂಖ್ಯೆ ತೋರಿಸುತ್ತಾರೆ, ಅದನ್ನು ಮಾತ್ರ ಕಟ್ಟಿದರೆ ತಡ ಅಂತ ಬೀಳುವುದಿಲ್ಲ ನಿಜ, ಆದರೆ ಉಳಿದದ್ದಕ್ಕೆ ಬೀಳುವ ಬಡ್ಡಿ ನಿಮ್ಮನ್ನು ಹಿಂದಿನ ಜಾಗಕ್ಕೇ ತಂದು ಬಿಡುತ್ತದೆ.

ಕಾರ್ಡ್ ಕೈಯಲ್ಲಿದ್ದರೆ ಖರ್ಚು ಹಿಡಿಯಲಾಗದು ಎನ್ನುವವರು ಅದರ ಗೋಜಿಗೆ ಹೋಗಬೇಡಿ. ಬ್ಯಾಂಕಿನಲ್ಲಿ ಚಿನ್ನ ಅಡವಿಟ್ಟು ಸಣ್ಣ ಸಾಲ ತೆಗೆದು, ಅವಧಿಯೊಳಗೆ ಬಿಡಿಸಿಕೊಂಡರೂ ದಾಖಲೆ ಆಗುತ್ತದೆ. ತೋಟದವರಿಗೆ ಇನ್ನೂ ಒಳ್ಳೆಯ ದಾರಿ ಕಿಸಾನ್ ಕ್ರೆಡಿಟ್ ಕಾರ್ಡ್. 3 ಲಕ್ಷದವರೆಗಿನ ಬೆಳೆ ಸಾಲಕ್ಕೆ 7 ಪರ್ಸೆಂಟ್ ಬಡ್ಡಿ, ಸಮಯಕ್ಕೆ ಕಟ್ಟಿದರೆ 3 ಪರ್ಸೆಂಟ್ ಬಿಟ್ಟು 4 ಆಗುತ್ತದೆ. ಆದರೆ ನಮ್ಮವರು ಅಡಿಕೆಗೆ ರೇಟು ಬರಲಿ ಅಂತ ಕಾಯುತ್ತಾ ಕಟ್ಟುವ ದಿನ ದಾಟಿಸುತ್ತಾರೆ. ಅಟ್ಟದಲ್ಲಿ ಅಡಿಕೆ ಇದೆ, ವರದಿಯಲ್ಲಿ ಬಾಕಿ ಇದೆ! ಕಿಲೋಗೆ ಹತ್ತು ರೂಪಾಯಿ ಜಾಸ್ತಿ ಸಿಗಬಹುದು ಅಂತ ಕಾದು, ಬಡ್ಡಿಯ ರಿಯಾಯಿತಿಯನ್ನೂ ಒಳ್ಳೆಯ ಹೆಸರನ್ನೂ ಕಳೆದುಕೊಳ್ಳುವುದು ನನ್ನ ಲೆಕ್ಕದಲ್ಲಿ ನಷ್ಟವೇ. ಸಾಲಕ್ಕೆ ಬೇಕಾದಷ್ಟು ಅಡಿಕೆಯನ್ನು ಮೊದಲೇ ಕೊಟ್ಟುಬಿಡಿ, ಉಳಿದದ್ದಕ್ಕೆ ರೇಟು ಕಾಯಿರಿ.

ಮಾಡಬಾರದ್ದು ಎರಡು. ಒಂದೇ ತಿಂಗಳಲ್ಲಿ ನಾಲ್ಕೈದು ಕಡೆ ಸಾಲಕ್ಕೆ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಯೂ ವರದಿಯಲ್ಲಿ ಕಾಣುತ್ತದೆ, ಇವರಿಗೆ ದುಡ್ಡಿನ ತುರ್ತು ಇದೆ ಅಂತ ಬ್ಯಾಂಕು ಓದಿಕೊಳ್ಳುತ್ತದೆ. ಇನ್ನೊಂದು, "ಐದು ಸಾವಿರ ಕೊಡಿ, ಒಂದು ವಾರದಲ್ಲಿ ಸಿಬಿಲ್ ಕ್ಲೀನ್ ಮಾಡಿಕೊಡುತ್ತೇವೆ" ಎನ್ನುವವರು. ನಿಜವಾದ ದಾಖಲೆಯನ್ನು ಯಾರೂ ಅಳಿಸಲಾರರು. ತಪ್ಪು ದಾಖಲೆಯನ್ನು ನೀವೇ ಪುಕ್ಕಟೆ ತಿದ್ದಿಸಬಹುದು. ಅವರಿಗೆ ಪಾನ್, ಒಟಿಪಿ ಕೊಟ್ಟರೆ ನಿಮ್ಮ ಹೆಸರಲ್ಲಿ ಹೊಸ ಸಾಲ ಹುಟ್ಟುವ ಅಪಾಯ ಬೇರೆ.

ಇನ್ನು ಪ್ರಶ್ನೆಗಳು.

ಒಬ್ಬರು ಮಾಷ್ಟ್ರು ಕೇಳಿದರು: "ನಾನು ಜೀವನದಲ್ಲಿ ಒಂದು ಕಂತೂ ತಪ್ಪಿಸಿಲ್ಲ. ನನ್ನ ಸಿಬಿಲ್ ಯಾಕೆ ಕೆಳಗಿದೆ?" ಯಾರಿಗಾದರೂ ಜಾಮೀನು ಹಾಕಿದ್ದೀರಾ ಅಂತ ಕೇಳಿದೆ. ನೆರೆಮನೆಯ ಹುಡುಗನ ಗಾಡಿ ಸಾಲಕ್ಕೆ ಹಾಕಿದ್ದರು. ಜಾಮೀನು ಹಾಕಿದ ಸಾಲವೂ ನಿಮ್ಮ ವರದಿಯಲ್ಲಿ ಬರುತ್ತದೆ. ಅವನು ತಪ್ಪಿಸಿದರೆ ಅದು ನಿಮಗೂ ತಟ್ಟುತ್ತದೆ. ಮಕ್ಕಳ ವಿದ್ಯಾಭ್ಯಾಸದ ಸಾಲಕ್ಕೆ ಸಹಿ ಹಾಕಿದ ತಂದೆ ತಾಯಿಗೂ ಇದೇ. ನೆರೆಹೊರೆಗೆ ಆಗಬೇಕಾದದ್ದು ನಮ್ಮ ಊರಿನ ಗುಣ, ಅದನ್ನು ಬಿಡಿ ಅಂತ ಹೇಳಲಾರೆ. ಆದರೆ ಸಹಿ ಹಾಕಿದ ಮೇಲೆ ಮೂರು ತಿಂಗಳಿಗೊಮ್ಮೆ "ಕಂತು ಕಟ್ಟಿದೆಯಾ ಮಗಾ?" ಅಂತ ಕೇಳುವುದರಲ್ಲಿ ಸಂಕೋಚ ಬೇಡ ಮಾಷ್ಟ್ರೇ.

ಇನ್ನೊಬ್ಬರು ಹೇಳಿದರು: "ಸರ್ವಿಸ್ ಸಹಕಾರಿ ಬ್ಯಾಂಕಿನಲ್ಲಿ ಅಪ್ಪನ ಕಾಲದಿಂದ ವ್ಯವಹಾರ, ಎಲ್ಲಾ ಸಮಯಕ್ಕೆ ಕಟ್ಟಿದ್ದೇನೆ. ಸಿಬಿಲ್‌ನಲ್ಲಿ ನನ್ನ ಹೆಸರೇ ಇಲ್ಲ." ಲೆಕ್ಕ ಕಳುಹಿಸಿದರೆ ಮಾತ್ರ ಅಲ್ಲಿ ಕಾಣುತ್ತದೆ. ನಿಮ್ಮ ಸಂಘ ಕಳುಹಿಸುತ್ತದೆಯಾ ಅಂತ ಸೆಕ್ರೆಟರಿಯವರನ್ನೇ ಕೇಳಿ. ಕಳುಹಿಸುವುದಿಲ್ಲ ಎಂದಾದರೆ ಅಲ್ಲಿನ ಶಿಸ್ತು ಅಂಕಕ್ಕೆ ಸೇರುವುದಿಲ್ಲ. ಆದರೆ ಹಿಂದೆ ಸಾಲ ತೆಗೆದ ದಾಖಲೆ ಇಲ್ಲ ಎನ್ನುವ ಒಂದೇ ಕಾರಣಕ್ಕೆ ಮೊದಲ ಸಲ ಕೇಳಿದವರ ಅರ್ಜಿ ತಳ್ಳಿಹಾಕಬಾರದು ಅಂತ ಆರ್‌ಬಿಐ ಬ್ಯಾಂಕುಗಳಿಗೆ ಹೇಳಿದೆ. ಸಂಘದ ಪಾಸ್‌ಬುಕ್ಕು, ಅವರದ್ದೊಂದು ಪತ್ರ ಹಿಡಿದುಕೊಂಡು ಹೋಗಿ ಮ್ಯಾನೇಜರ್ ಹತ್ತಿರ ಮಾತಾಡಿ.

ಒಬ್ಬ ಹುಡುಗ: "ಎಷ್ಟು ದಿನದಲ್ಲಿ 750 ಆಗುತ್ತದೆ?" ದಿನ ಹೇಳುವವರನ್ನು ನಂಬಬೇಡ ತಮ್ಮಾ. ಎಷ್ಟು ತಿಂಗಳು ತಪ್ಪಿತ್ತು, ಸೆಟ್ಲ್ಡ್ ಇದೆಯಾ, ಈಗ ಚಾಲ್ತಿ ಖಾತೆ ಇದೆಯಾ, ಎಲ್ಲದರ ಮೇಲೆ ಹೋಗುತ್ತದೆ. ಒಂದೆರಡು ಕಂತು ತಡವಾಗಿದ್ದವರದ್ದು ಬೇಗ ಚೇತರಿಸುತ್ತದೆ. ಎನ್‌ಪಿಎ ಆಗಿದ್ದವರು ವರ್ಷಗಳ ಲೆಕ್ಕದಲ್ಲಿ ಯೋಚಿಸಬೇಕು. ಮೂರು ತಿಂಗಳಿಗೊಮ್ಮೆ ನೋಡು, ಸಾಕು. ಆರು ತಿಂಗಳು ಕಳೆದರೂ ಕದಲಿಲ್ಲ ಅಂದರೆ ವರದಿಯಲ್ಲಿ ಏನೋ ಸಿಕ್ಕಿಕೊಂಡಿದೆ ಅಂತ ಅರ್ಥ, ಆಗ ಪೆನ್ಸಿಲ್ ಹಿಡಿದು ಕೂರು.

ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು ತಾಯಿ ಎಲ್ಲರೂ ಎದ್ದ ಮೇಲೆ ಬಂದು ಮೆಲ್ಲಗೆ ಕೇಳಿದರು. ಗಂಡ ತೀರಿಕೊಂಡಿದ್ದಾರೆ, ಅವರ ಹೆಸರಲ್ಲಿ ಸಾಲ ಉಳಿದಿದೆ, ಅದು ತನ್ನ ಸಿಬಿಲ್‌ಗೆ ಬರುತ್ತದಾ ಅಂತ. ನೀವು ಜೊತೆಗೆ ಸಹಿ ಹಾಕಿಲ್ಲ, ಜಾಮೀನೂ ಹಾಕಿಲ್ಲ ಅಂದರೆ ನಿಮ್ಮ ವರದಿಗೆ ಬರುವುದಿಲ್ಲ ಅಮ್ಮಾ. ಅವರು ಬಿಟ್ಟು ಹೋದ ಆಸ್ತಿಯಿಂದ ಸಾಲ ಕೇಳುವ ಹಕ್ಕು ಬ್ಯಾಂಕಿಗೆ ಇದೆ, ಅದಕ್ಕೂ ಮೀರಿ ನಿಮ್ಮ ಸ್ವಂತದ್ದನ್ನು ಕೇಳುವಂತಿಲ್ಲ. ಮೊದಲು ಮರಣ ಪ್ರಮಾಣಪತ್ರ ಹಿಡಿದು ಬ್ಯಾಂಕಿಗೆ ಹೋಗಿ, ಸಾಲದ ಜೊತೆ ವಿಮೆ ಮಾಡಿಸಿದ್ದರಾ ಅಂತ ಕೇಳಿ. ಎಷ್ಟೋ ಸಾಲಕ್ಕೆ ವಿಮೆಯ ಕಂತು ಹಿಡಿದಿರುತ್ತಾರೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ. ವಿಮೆ ಇದ್ದರೆ ಸಾಲ ಅದರಿಂದಲೇ ತೀರಬಹುದು. ಬುಧವಾರ ನಾನು ಇಲ್ಲೇ ಇರುತ್ತೇನೆ, ಮನೆಯಲ್ಲಿ ಇರುವ ಕಾಗದ ಎಲ್ಲಾ ತನ್ನಿ, ಒಟ್ಟಿಗೆ ಕೂತು ನೋಡೋಣ ಅಂದೆ.